ಬಣ್ಣ ಕೆರೆದ ಮೇಲೆ ತಿಳಿದದ್ದು

ಬೆಂಗಳೂರಿನ ಸಂಡೇ ಬಜಾರಿನಲ್ಲಿ, ಹಳೆಯ ಬೀಗ ಮತ್ತು ಟಾರ್ಚುಗಳ ರಾಶಿಯಡಿ ನನಗೊಂದು ಆಟಿಕೆ ಕಾರು ಸಿಕ್ಕಿತು. ಫೋಕ್ಸ್‌ವ್ಯಾಗನ್ 1500. ಅಂಗೈಯಲ್ಲಿ ಕೂರುವಷ್ಟಿತ್ತು, ಬಣ್ಣ ಅಲ್ಲಲ್ಲಿ ಎದ್ದಿತ್ತು. ಮನೆಗೆ ತಂದವನೇ ಪೇಂಟ್ ರಿಮೂವರ್ ಹಾಕಿ ಉಜ್ಜಿದೆ. ಕೆಂಪು ಬಣ್ಣ ಸ್ಪ್ರೇ ಮಾಡಿದೆ. ಥಳಥಳ ಹೊಳೆಯಿತು.

ಮುಂದಿನ ವಾರ ಹಿರಿಯ ಸಂಗ್ರಾಹಕರೊಬ್ಬರಿಗೆ ತೋರಿಸಿದೆ. ಅವರು ಮೇಲ್ಭಾಗ ನೋಡಲೇ ಇಲ್ಲ. ತಿರುಗಿಸಿ ತಳ ನೋಡಿದರು.

‘ಇದು ನಿಕ್ಕಿ ಕಣಪ್ಪಾ. ಬಣ್ಣ ಯಾಕೆ ತೆಗೆದೆ?’

ಆಗ ನನಗೆ ನಿಕ್ಕಿ ಅಂದರೇನು ಅಂತಲೇ ಗೊತ್ತಿರಲಿಲ್ಲ. ಡಿಂಕಿ ಟಾಯ್ಸ್ ಅನ್ನುವ ಲೋಹದ ಆಟಿಕೆ ಕಾರುಗಳು ಇಂಗ್ಲೆಂಡಿನ ಲಿವರ್‌ಪೂಲ್‌ನವು. ಫ್ರಾಂಕ್ ಹಾರ್ನ್‌ಬಿಯ ಮೆಕ್ಯಾನೋ ಕಂಪನಿ 1934ರಿಂದ ಆ ಹೆಸರಿನಲ್ಲಿ ಮಾರುತ್ತಿತ್ತು. 1960ರ ದಶಕದ ಕೊನೆಯಲ್ಲಿ ಅವರ ಕೆಲವು ಹಳೆಯ ಅಚ್ಚುಗಳು ಕಲ್ಕತ್ತೆಗೆ ಬಂದವು. ಇಲ್ಲಿ ಅದೇ ಅಚ್ಚಿನಲ್ಲಿ ಎರಕ ಹೊಯ್ದರು. ಡಿಂಕಿ ಹೆಸರು ಹಾಕುವಂತಿರಲಿಲ್ಲ, ಹಾಗಾಗಿ ನಿಕ್ಕಿ ಆಯಿತು. ಎರಕ ಸ್ವಲ್ಪ ಒರಟು, ಬಣ್ಣ ದಪ್ಪ. ಅಂದರೆ ಕಲ್ಕತ್ತೆಯ ಕಾರನ್ನು ಲಿವರ್‌ಪೂಲಿನ ಕಾರಿನಿಂದ ಬೇರೆ ಮಾಡುತ್ತಿದ್ದ ಗುರುತುಗಳಲ್ಲಿ ಆ ಬಣ್ಣವೂ ಒಂದು. ನಾನು ಕೆರೆದು ಚರಂಡಿಗೆ ಬಿಟ್ಟದ್ದು ಅದನ್ನೇ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಅಲ್ಲಿಂದ ನಾನು ಕಾರು ನೋಡುವ ರೀತಿಯೇ ಬದಲಾಯಿತು. ಹಳೆಯದಾದರೆ ಬೆಲೆ ಜಾಸ್ತಿ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಅಲ್ವಾ? ಎಷ್ಟು ಮಾಡಿದರು, ಅದರಲ್ಲಿ ಎಷ್ಟು ಉಳಿದವು ಅನ್ನುವುದೇ ಮುಖ್ಯ. ಲಂಡನ್ನಿನ ಲೆಸ್ನಿ ಕಂಪನಿ 1953ರಲ್ಲಿ ರಾಣಿ ಎರಡನೇ ಎಲಿಜಬೆತ್‌ಳ ಪಟ್ಟಾಭಿಷೇಕಕ್ಕೆಂದು ಮಾಡಿದ ಚಿಕ್ಕ ಆಟಿಕೆ ಸಾರೋಟು 10 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದು ಇವತ್ತೂ ಸಿಗುತ್ತದೆ. ಅದೇ ಕಂಪನಿಯ ದೊಡ್ಡ ಸಾರೋಟಿನ ಕಥೆಯೇ ಬೇರೆ. ಅದರ ಅಚ್ಚಿನಲ್ಲಿ ರಾಜ, ರಾಣಿ ಇಬ್ಬರೂ ಇದ್ದರು. 1952ರಲ್ಲಿ ರಾಜ ಆರನೇ ಜಾರ್ಜ್ ತೀರಿಕೊಂಡ. ಅಚ್ಚಿನಲ್ಲಿ ರಾಜನ ಮೇಲ್ಭಾಗ ಕತ್ತರಿಸಿದರು. ರಾಣಿಯ ಪಕ್ಕದಲ್ಲಿ ಬರೀ ಕಾಲುಗಳು ಉಳಿದವು! ಇಬ್ಬರೂ ಇರುವ ಮೊದಲ ಕೆಲವು ಸಾರೋಟುಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ.

ಉಳಿಯದೇ ಹೋಗಲು ಮಕ್ಕಳಷ್ಟೇ ಕಾರಣ ಅಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಡಿಂಕಿಗಳು ಸತುವಿನ ಮಿಶ್ರಲೋಹದವು. ಅದರಲ್ಲಿ ಚೂರೇ ಚೂರು ಸೀಸ ಸೇರಿದರೂ ಲೋಹ ಒಳಗಿಂದಲೇ ಉಬ್ಬಿ, ಬಿರುಕು ಬಿಟ್ಟು, ಪುಡಿಯಾಗುತ್ತದೆ. ಯಾರೂ ಮುಟ್ಟದೆ ಕಪಾಟಿನಲ್ಲಿಟ್ಟದ್ದೂ ಹಾಗೇ ಹೋಗುತ್ತದೆ. ಜೊತೆಗೆ ಅಂಗಡಿಗಳ ಹೆಸರು ಬರೆದ ಡೆಲಿವರಿ ವ್ಯಾನುಗಳನ್ನು ಮಾಡಿದ್ದೇ ಕಡಿಮೆ. ಡಬ್ಲ್ಯು. ಇ. ಬಾಯ್ಸ್ ಅನ್ನುವ ಸೈಕಲ್ ಅಂಗಡಿಯ ಹೆಸರಿನ 1937ರ ಒಂದು ವ್ಯಾನು 2008ರ ಹರಾಜಿನಲ್ಲಿ 19,975 ಪೌಂಡಿಗೆ ಹೋಯಿತು. ವ್ಯಾನಿನ ಆಕಾರ ಉಳಿದ ವ್ಯಾನುಗಳದ್ದೇ. ಬೇರೆಯಾಗಿದ್ದದ್ದು ಪಕ್ಕದ ಮೇಲಿನ ಆ ಬರಹ.

ಡಬ್ಬಿಯ ವಿಷಯವೂ ಇದೆ. ರಟ್ಟಿನ ಡಬ್ಬಿಯನ್ನು ಯಾವ ಮಗು ಇಟ್ಟುಕೊಳ್ಳುತ್ತದೆ? ಅದಕ್ಕೇ ಡಬ್ಬಿಯೊಂದಿಗೆ ಸಿಕ್ಕರೆ ಬೆಲೆ ಒಂದಕ್ಕೆರಡು. ನಕಲಿ ಡಬ್ಬಿಗಳೂ ಬರುತ್ತವೆ, ಹುಷಾರು. ಮಡಿಕೆಯ ಅಂಚು ಸವೆದಿರದೆ, ರಟ್ಟು ಒಳಗೆ ಬೆಳ್ಳಗಿದ್ದರೆ ನಾನು ಮುಟ್ಟುವುದಿಲ್ಲ.

ಕಾರನ್ನು ಕೈಗೆತ್ತಿಕೊಂಡರೆ ಮೊದಲು ನೋಡುವುದು ತಳದ ರಿವಿಟ್, ಅಂದರೆ ತಳವನ್ನು ಮೈಗೆ ಬಿಗಿದ ಮೊಳೆ. ಕೊರೆದ ಗುರುತಿದ್ದರೆ ಯಾರೋ ಬಿಚ್ಚಿದ್ದಾರೆ. ಆಮೇಲೆ ಚಕ್ರದ ಆಕ್ಸಲ್ ತುದಿ. ಫ್ಯಾಕ್ಟರಿಯಲ್ಲಿ ಬಣ್ಣ ಬಳಿದ ಮೇಲೆ ಚಕ್ರ ಹಾಕುತ್ತಿದ್ದರು. ಅಲ್ಲಿ ಬಣ್ಣ ಸಿಡಿದಿದ್ದರೆ ಅದು ನನ್ನಂಥವರ ಕೆಲಸ. ಬಿರುಕನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು, ನೇರವಾಗಿ ನೋಡಿದರೆ ಕಾಣುವುದಿಲ್ಲ.

ಕಳೆದ ವರ್ಷ ಇನ್ನೊಂದು ನಿಕ್ಕಿ ಸಿಕ್ಕಿತು, ಜಾಗ್ವಾರ್ ಮಾರ್ಕ್ ಟೆನ್. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದೆ, ಅಷ್ಟೇ. ಬಾಗಿಲ ಮೇಲೆ ಯಾವುದೋ ಮಗು ಮೊಳೆಯಿಂದ ಗೀಚಿದ ಗೆರೆಯಿದೆ. ಹಾಗೇ ಬಿಟ್ಟಿದ್ದೇನೆ. ಕೆಂಪು ಫೋಕ್ಸ್‌ವ್ಯಾಗನ್ ಅದರ ಪಕ್ಕದಲ್ಲೇ ನಿಂತಿದೆ.