ಮರುಭೂಮಿಯ ಕೆಳಗಿನ ನೀರಿಗೆ ದಾರ ಹಿಡಿದು ಇಳಿದೆ

ಹನುಮಂತನಗರದ ನಮ್ಮ ಮನೆಯ ತಾರಸಿ ಅಷ್ಟೇನೂ ದೊಡ್ಡದಲ್ಲ. ಎರಡು ಸಿಂಟೆಕ್ಸ್ ಟ್ಯಾಂಕು, ಒಂದು ಸೋಲಾರ್ ಹೀಟರ್, ಬಟ್ಟೆ ಒಣಹಾಕುವ ತಂತಿ, ಅಮ್ಮನ ದೊಡ್ಡಪತ್ರೆ, ತುಳಸಿ ಕುಂಡಗಳು. ನೀರು ತುಂಬಿದ ಗುಹೆಯೊಳಗೆ ಡೈವ್ ಮಾಡುವುದನ್ನು ನಾನು ಮುಕ್ಕಾಲು ಪಾಲು ಕಲಿತಿದ್ದು ಈ ತಾರಸಿಯ ಮೇಲೆ. ಬಿಳಿ ನೈಲಾನ್ ದಾರವನ್ನು ಟ್ಯಾಂಕಿನ ಪೈಪಿಗೆ ಕಟ್ಟುತ್ತಿದ್ದೆ. ಅಲ್ಲಿಂದ ಕುಂಡದ ಬುಡ, ಅಲ್ಲಿಂದ ಸೋಲಾರ್‌ನ ಕಾಲು, ಮೆಟ್ಟಿಲ ಕಂಬಿ. ಆಮೇಲೆ ಕಣ್ಣಿಗೆ ದುಪಟ್ಟಾ ಬಿಗಿದುಕೊಂಡು, ದಾರವನ್ನು ಬೆರಳಲ್ಲಿ ಸವರುತ್ತಾ ಮೊದಲಿನ ಗಂಟಿಗೆ ವಾಪಸ್ ಬರಬೇಕು.

"ಏನೇ ಇದು, ಜೇಡರ ಬಲೆ ಥರ ಸುತ್ತಿದ್ದೀಯ? ನಾನು ಬಟ್ಟೆ ಎಲ್ಲಿ ಹಾಕ್ಲಿ?" ಅಂತ ಅಮ್ಮ ಕೇಳುತ್ತಿದ್ದರು. ಬೆಳಗ್ಗೆ ಏಳಕ್ಕೆ ಮುಂಚೆ ದಾರ ಬಿಚ್ಚಬೇಕು ಅಂತ ಒಪ್ಪಂದ ಆಯಿತು.

ನಾನು ಹೋಗಬೇಕು ಅಂದುಕೊಂಡಿದ್ದು ಆಸ್ಟ್ರೇಲಿಯಾದ ನಲ್ಲಾರ್ಬರ್ ಬಯಲಿಗೆ. ಲ್ಯಾಟಿನ್‌ನಲ್ಲಿ ಆ ಹೆಸರಿಗೆ 'ಮರವೇ ಇಲ್ಲ' ಅಂತ ಅರ್ಥ. ಸುಮಾರು 2 ಲಕ್ಷ ಚದರ ಕಿಲೋಮೀಟರ್ ಸುಣ್ಣಕಲ್ಲಿನ ಒಂದೇ ಹಾಸು, ಅಂದರೆ ನಮ್ಮ ಇಡೀ ಕರ್ನಾಟಕಕ್ಕಿಂತ ಜಾಸ್ತಿ. ಮೇಲೆ ಒಂದು ಹೊಳೆ ಇಲ್ಲ, ತೊರೆ ಇಲ್ಲ. ಕೆಳಗೆ ಮಾತ್ರ ನೀರು ತುಂಬಿದ ಸುರಂಗಗಳು. ಕಾಕಲ್‌ಬಿಡಿ ಅನ್ನುವ ಗುಹೆಯಲ್ಲಿ ಒಂದೇ ಸುರಂಗ 6 ಕಿಲೋಮೀಟರಿಗೂ ಉದ್ದ, ಅದರಲ್ಲಿ ಬಹುಪಾಲು ನೀರೊಳಗೆ. 1983ರಲ್ಲಿ ಅಲ್ಲಿ ಫ್ರೆಂಚ್ ತಂಡವೊಂದು ಗುಹೆಯೊಳಗೆ ಅತಿ ದೂರ ಡೈವ್ ಮಾಡಿ ಆ ಕಾಲದ ವಿಶ್ವದಾಖಲೆ ಮಾಡಿತು. 2008ರಲ್ಲಿ ಅದೇ ಗುಹೆಯ ಕೊನೆಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ತಳ್ಳಿದವರು ಕ್ರೇಗ್ ಚಾಲೆನ್. ಹತ್ತು ವರ್ಷದ ಮೇಲೆ ಥಾಯ್ಲೆಂಡಿನ ಗುಹೆಯಲ್ಲಿ ಸಿಕ್ಕಿಬಿದ್ದ ಹುಡುಗರನ್ನು ಹೊರಗೆ ತಂದವರಲ್ಲಿ ಅವರೂ ಒಬ್ಬರು.

"ಮರುಭೂಮಿ ಅಂತೀಯ, ನೀರು ಎಲ್ಲಿಂದ ಬಂತಕ್ಕಾ?" ಅಂತ ತಮ್ಮ ಕೇಳಿದ. ನಾನು ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ನಮ್ಮ ಕಟ್ಟೆ ಕಡಪ ಕಲ್ಲಿನದು. ನಿಂಬೆಹಣ್ಣು ಹಿಂಡಿ ಒರೆಸದೆ ಬಿಟ್ಟ ಕಡೆಯೆಲ್ಲ ಹೊಳಪು ಹೋಗಿ ಬೂದು ಕಲೆ ಬಿದ್ದಿದೆ. ಅದು ಕೊಳೆ ಅಲ್ಲ, ಎಷ್ಟು ಉಜ್ಜಿದರೂ ಹೋಗಲ್ಲ. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿ. ಹುಳಿ ಅದನ್ನು ತಿಂದುಹಾಕಿದೆ. ಮಳೆನೀರೂ ಹಾಗೆಯೇ. ಗಾಳಿಯಿಂದ, ಮಣ್ಣಿನಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ತುಂಬ ತೆಳುವಾದ ಸೋಡಾ ಥರ ಆಗುತ್ತದೆ. ಅದು ಬಿರುಕಿನಲ್ಲಿ ಇಳಿದು ಲಕ್ಷಾಂತರ ವರ್ಷ ಕಲ್ಲನ್ನು ಕರಗಿಸಿದರೆ ಗುಹೆ. ಹಾಗೆ ಕರಗಿದ ಸುಣ್ಣ ಮತ್ತೆ ಕಲ್ಲಾಗುವುದನ್ನೂ ಬೆಂಗಳೂರಿನವರು ದಿನಾ ನೋಡುತ್ತೇವೆ. ಬೋರ್ ನೀರು ಕಾಯಿಸಿದ ಪಾತ್ರೆಯ ತಳದ ಬಿಳಿ ಪೊರೆ ಅದೇ ಅಲ್ವಾ?

ನಲ್ಲಾರ್ಬರ್ ಒಂದು ಕಾಲದಲ್ಲಿ ಸಮುದ್ರದ ತಳ. ಚಿಪ್ಪು, ಸಣ್ಣ ಸಣ್ಣ ಜೀವಿಗಳ ಕವಚ ಎಲ್ಲ ಪದರ ಪದರವಾಗಿ ಕೂತು ಆದ ಕಲ್ಲು. ಆಮೇಲೆ ನೆಲ ಮೇಲೆದ್ದಿತು. ಲಕ್ಷಾಂತರ ವರ್ಷ ಹಿಂದೆ ಅಲ್ಲಿ ಈಗಿಗಿಂತ ಜಾಸ್ತಿ ಮಳೆ ಬೀಳುತ್ತಿದ್ದ ಕಾಲವೂ ಇತ್ತು. ಈಗ ಬೀಳುವ ಚೂರುಪಾರು ಮಳೆ ನೆಲದ ಮೇಲೆ ಹರಿಯದೆ ನೇರ ಕೆಳಗೆ ಇಂಗುತ್ತದೆ. ಗುಹೆಯಲ್ಲಿ ಸಿಗುವುದು ಆ ಅಂತರ್ಜಲ. ಉಪ್ಪುಪ್ಪಾಗಿರುತ್ತದೆ, ಕುಡಿಯಲು ಬರಲ್ಲ.

ನಮ್ಮ ಊರಿನ ಬಂಡೆ ಬೇರೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ನೈಸ್ ಶಿಲೆ, ಇಂಥ ಹುಳಿಗೆಲ್ಲ ಕರಗಲ್ಲ. ಬೆಂಗಳೂರಿನ ಕೆಳಗೆ ಎಷ್ಟು ಬೋರ್ ಕೊರೆದರೂ ಅಂಥ ಸುರಂಗ ಸಿಗಲ್ಲ. ಹಾಗಾಗಿ ಇದನ್ನು ಕಲಿಯಲು ದೂರ ಹೋಗಲೇಬೇಕು.

ಸ್ಕೂಬಾ ಶುರು ಮಾಡಿದ್ದು ಎಲ್ಲರ ಹಾಗೆ ನೇತ್ರಾಣಿಯಲ್ಲಿ. ಮುರುಡೇಶ್ವರದಿಂದ ದೋಣಿ. ಮೊದಲು ಬಿಡಬೇಕಾದದ್ದು ನಮ್ಮ ಭಾಷೆಯ ಒಂದು ಮಾತು. ನಾವು ಭಯವಾದರೆ 'ಉಸಿರು ಬಿಗಿಹಿಡಿದು' ಅನ್ನುತ್ತೇವೆ. ಸಿಲಿಂಡರ್ ಗಾಳಿ ಉಸಿರಾಡುವಾಗ ಅದನ್ನು ಮಾತ್ರ ಮಾಡಬಾರದು. ಮೇಲೇರುವಾಗ ಹೊರಗಿನ ಒತ್ತಡ ಇಳಿದು ಒಳಗಿನ ಗಾಳಿ ಹಿಗ್ಗುತ್ತದೆ, ಶ್ವಾಸಕೋಶವೇ ಹರಿದುಹೋಗಬಹುದು. ಉಸಿರು ಯಾವಾಗಲೂ ಹರಿಯುತ್ತಿರಬೇಕು.

ಮೂರು ವರ್ಷ ಸಮುದ್ರದಲ್ಲೇ ಡೈವ್ ಮಾಡಿದೆ. ಆಮೇಲೆ ಕಂಪನಿ ಕೆಲಸದ ಮೇಲೆ ಅಡಿಲೇಡ್‌ಗೆ ಹೋದಾಗ ರಜೆ ಹಾಕಿ ಮೌಂಟ್ ಗ್ಯಾಂಬಿಯರ್‌ಗೆ ಹೋದೆ. ಅದೂ ಸುಣ್ಣಕಲ್ಲಿನ ನಾಡು. ಊರಿನ ಸುತ್ತಮುತ್ತ ಕುಸಿದ ಗುಂಡಿಗಳು, ಅದರಲ್ಲಿ ಗಾಜಿನಂಥ ನೀರು, ಸುಮಾರು 15 ಡಿಗ್ರಿ ಚಳಿ. 1973ರಲ್ಲಿ ಅಲ್ಲಿನ 'ದಿ ಶಾಫ್ಟ್' ಎಂಬ ಗುಂಡಿಯಲ್ಲಿ ನಾಲ್ಕು ಜನ ಡೈವರ್‌ಗಳು ತೀರಿಕೊಂಡರು. ಅಲ್ಲಿನ ಕೇವ್ ಡೈವರ್ಸ್ ಅಸೋಸಿಯೇಷನ್ ಹುಟ್ಟಿದ್ದೂ ಅದೇ ವರ್ಷ. ಇವತ್ತು ನಾವು ಪಾಲಿಸುವ ಒಂದೊಂದು ನಿಯಮದ ಹಿಂದೆ ಯಾರೋ ಒಬ್ಬರ ಜೀವ ಹೋಗಿದೆ. ಅದು ನೆನಪಿದ್ದರೆ ಯಾವ ನಿಯಮವೂ ಅತಿಯಾಯಿತು ಅನ್ನಿಸಲ್ಲ.

ಆ ಮೊದಲ ಕೋರ್ಸಿನಲ್ಲಿ ನಾನು ಪಾಸಾಗಲಿಲ್ಲ. ಕೆಡಿಸಿದ್ದು ಒಂದೇ ಅಭ್ಯಾಸ: ಕತ್ತಲಲ್ಲಿ ದಾರ ತಪ್ಪಿದರೆ ಹುಡುಕುವುದು. ಗುಹೆಯ ತಳದಲ್ಲಿ ನುಣ್ಣನೆ ಹೂಳು ಕೂತಿರುತ್ತದೆ. ಒಂದು ಸಲ ಕಾಲು ತಪ್ಪಾಗಿ ಬಡಿದರೆ ಸಾಕು, ನೀರು ಹಾಲಾಗುತ್ತದೆ. ಮೂರು ದೀಪ ಇದ್ದರೂ ಉಪಯೋಗ ಇಲ್ಲ. ಮೇಲೆ ಆಕಾಶ ಇಲ್ಲ, ಛಾವಣಿ ಇದೆ. ಹೊರಗೆ ದಾರಿ ಅಂತ ಇರುವುದು ನೀವು ಬರುತ್ತಾ ಕಟ್ಟಿಕೊಂಡು ಬಂದ ದಾರ ಒಂದೇ. ತರಬೇತಿಯಲ್ಲಿ ಮಾಸ್ಕ್ ಗಾಜು ಮುಚ್ಚಿ, ದಾರದಿಂದ ನಮ್ಮನ್ನು ದೂರ ಕರೆದುಕೊಂಡು ಹೋಗಿ ಬಿಟ್ಟುಬಿಡುತ್ತಾರೆ. ನಾನು ತಕ್ಷಣ ಕೈ ಚಾಚಿ ಈಜಿದೆ. ಏಳು ನಿಮಿಷ ಹುಡುಕಿದೆ. ಗುರುಗಳು ಭುಜ ಮುಟ್ಟಿ ನಿಲ್ಲಿಸಿದಾಗ ನಾನು ಪೂರ್ತಿ ಎದುರು ದಿಕ್ಕಿಗೆ ಹೋಗಿದ್ದೆ.

ತಪ್ಪಾಗಿದ್ದು ಹುಡುಕಿದ್ದರಲ್ಲಲ್ಲ, ನಿಲ್ಲದೆ ಹುಡುಕಿದ್ದರಲ್ಲಿ. ಮೊದಲು ಇರುವ ಜಾಗದಲ್ಲೇ ಇರಬೇಕು. ಕೈಗೆ ಸಿಕ್ಕ ಗಟ್ಟಿ ಕಲ್ಲಿಗೆ ನಮ್ಮ ಹತ್ತಿರ ಇರುವ ಚಿಕ್ಕ ರೀಲಿನ ದಾರ ಕಟ್ಟಬೇಕು. ಈಗ ಕೊನೇಪಕ್ಷ ಒಂದು ಜಾಗ ಗೊತ್ತು. ಅಲ್ಲಿಂದ ದಾರ ಬಿಡುತ್ತಾ ಒಂದು ದಿಕ್ಕಿಗೆ ಹೋಗಬೇಕು, ಸಿಗದಿದ್ದರೆ ಸುತ್ತಿಕೊಂಡು ಅದೇ ಕಲ್ಲಿಗೆ ವಾಪಸ್, ಮತ್ತೆ ಇನ್ನೊಂದು ದಿಕ್ಕು. ಕೇಳುವುದಕ್ಕೆ ಸುಲಭ. ಎದೆ ಹೊಡೆದುಕೊಳ್ಳುವಾಗ ಸುಮ್ನೆ ನಿಂತು ಗಂಟು ಹಾಕುವುದು ನನಗೆ ಆಗಿರಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ನಾಲ್ಕು ತಿಂಗಳು ತಾರಸಿ. ತಮ್ಮ ನನ್ನ ಕಣ್ಣು ಕಟ್ಟಿ, ಮೂರು ಸುತ್ತು ತಿರುಗಿಸಿ, ಎಲ್ಲೋ ಒಂದು ಮೂಲೆಯಲ್ಲಿ ಬಿಡುತ್ತಿದ್ದ. ನಾನು ಮಂಡಿಯೂರಿ ಕೂತು, ಐದು ಉಸಿರು ಎಣಿಸಿ, ಏನಾದರೂ ಸಿಗುತ್ತಾ ಅಂತ ತಡವಿ, ಗಂಟು ಹಾಕಿ, ಆಮೇಲೆ ಹೊರಡುತ್ತಿದ್ದೆ. ದಪ್ಪ ಕೈಗವಸು ಹಾಕಿಕೊಂಡು ಗಂಟು ಹಾಕುವುದಕ್ಕೇ ಮೂರು ವಾರ ಹಿಡಿಯಿತು. ದಾರದ ಮೇಲೆ ಬಾಣದ ಆಕಾರದ ಪ್ಲಾಸ್ಟಿಕ್ ಗುರುತು ಸಿಕ್ಕಿಸುತ್ತೇವೆ, ಅದರ ಮೊನೆ ಯಾವಾಗಲೂ ಹೊರಗಿನ ದಾರಿ ತೋರಿಸಬೇಕು. ತಮ್ಮ ಕೆಲವನ್ನು ಬೇಕಂತಲೇ ತಿರುಗಿಸಿ ಇಡುತ್ತಿದ್ದ. ಮುಂಚಿನ ಗುರುತಿಗೂ ಇದಕ್ಕೂ ತಾಳೆ ನೋಡುವ ಅಭ್ಯಾಸ ಅದರಿಂದ ಬಂತು. ಜಯನಗರದ ಒಂದು ಈಜುಕೊಳದಲ್ಲಿ ಬೇಡಿಕೊಂಡು ಅನುಮತಿ ಪಡೆದು ಕಪ್ಪೆ ಒದೆತ ಕಲಿತೆ. ಕಾಲನ್ನು ಮೇಲೆ ಕೆಳಗೆ ಬಡಿಯದೆ ಕಪ್ಪೆಯ ಹಾಗೆ ಹಿಂದಕ್ಕೆ ತಳ್ಳಿದರೆ ಹೂಳು ಏಳಲ್ಲ.

ಎರಡನೇ ಸಲ ಪಾಸಾದೆ. ನಾಲ್ಕೂವರೆ ನಿಮಿಷಕ್ಕೆ ದಾರ ಸಿಕ್ಕಿತು. ಆ ದಿನದ ಖುಷಿಯನ್ನು ಈಗಲೂ ಬೆರಳ ತುದಿಯಲ್ಲಿ ಅನುಭವಿಸಬಲ್ಲೆ.

ಗಾಳಿಯ ಲೆಕ್ಕವನ್ನೂ ಹೇಳಲೇಬೇಕು. ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಇನ್ನೊಂದು ಪಾಲು ಮುಟ್ಟಬಾರದು. ಆ ಮೂರನೆಯದು ಜೊತೆಗಾರರದು. ಅತಿ ದೂರದ ಜಾಗದಲ್ಲಿ ಅವರ ಗಾಳಿ ಪೂರ್ತಿ ಹೋದರೆ ಇಬ್ಬರೂ ನನ್ನ ಸಿಲಿಂಡರ್‌ನಲ್ಲೇ ಹೊರಗೆ ಬರಬೇಕು. ನನ್ನದು 12 ಲೀಟರಿನ ಎರಡು ಸಿಲಿಂಡರ್, 210 ಬಾರ್ ಒತ್ತಡ. ಮೂರನೇ ಒಂದು ಅಂದರೆ 70 ಬಾರ್. 24ನ್ನು 70ರಿಂದ ಗುಣಿಸಿದರೆ 1,680 ಲೀಟರ್. ದಡದಲ್ಲಿ ನನಗೆ ನಿಮಿಷಕ್ಕೆ 18 ಲೀಟರ್ ಬೇಕು. ದಡದಲ್ಲಿ ಗಾಳಿಯ ಒತ್ತಡ ಸುಮಾರು ಒಂದು ಬಾರ್, ನೀರೊಳಗೆ ಹತ್ತು ಮೀಟರಿಗೆ ಇನ್ನೊಂದರಂತೆ ಏರುತ್ತದೆ, ಹಾಗಾಗಿ 20 ಮೀಟರ್ ಆಳದಲ್ಲಿ ಮೂರು ಪಟ್ಟು, 54 ಲೀಟರ್. ಅಲ್ಲಿಗೆ ಒಳಗೆ ಹೋಗಲು ನನಗೆ ಸಿಗುವುದು 31 ನಿಮಿಷ. ಹೆದರಿ ಜೋರಾಗಿ ಉಸಿರಾಡಿದರೆ ಇದು ಅರ್ಧ ಆಗುತ್ತದೆ. ಈ ಲೆಕ್ಕವನ್ನು ಪ್ರತಿ ಡೈವಿಗೂ ಮೊದಲು ಕೈಯಲ್ಲೇ ಬರೆದು ಮಾಡುತ್ತೇನೆ. ಕಂಪ್ಯೂಟರ್ ಕೈಗಡಿಯಾರ ಇದ್ದರೂ ಬಿಟ್ಟಿಲ್ಲ.

ಕೊನೆಗೆ ಆರು ಜನರ ತಂಡದ ಜೊತೆ ನಲ್ಲಾರ್ಬರ್‌ಗೆ ಹೊರಟೆ. ಅಡಿಲೇಡ್‌ನಿಂದ ಆ ಬಯಲಿನ ಪುಟ್ಟ ಊರು ಯೂಕ್ಲಾಗೆ 1,200 ಕಿಲೋಮೀಟರಿಗೂ ಜಾಸ್ತಿ. ಸರ್ಕಾರದ ಅನುಮತಿ ಪತ್ರ ಮೊದಲೇ ಬಂದಿತ್ತು. ನೀರು, ಊಟ, ಸಿಲಿಂಡರ್ ತುಂಬುವ ಕಂಪ್ರೆಸರ್ ಎಲ್ಲ ನಾವೇ ಹೊತ್ತುಕೊಂಡು ಹೋಗಬೇಕು. ಆ ಬಯಲು ಮಿರ್ನಿಂಗ್ ಎಂಬ ಮೂಲನಿವಾಸಿಗಳದು. ಅಲ್ಲಿನ ಕೂನಾಲ್ಡಾ ಗುಹೆಯ ಗೋಡೆಯ ಮೇಲೆ 20 ಸಾವಿರ ವರ್ಷಕ್ಕೂ ಹಿಂದೆ ಮನುಷ್ಯರು ಬೆರಳಿಂದ ಎಳೆದ ಗೆರೆಗಳಿವೆ. ಕೊಡಗಿನಲ್ಲಿ ದೇವರಕಾಡಿಗೆ ಹೋಗುವಾಗ ಹೇಗೆ ದನಿ ತಗ್ಗಿಸುತ್ತೇವೋ ಹಾಗೆ ನಡೆದುಕೊಳ್ಳಬೇಕಾದ ಜಾಗ ಇದು ಅಂತ ನನಗೆ ಅನ್ನಿಸಿತು. ಬಯಲಿನಲ್ಲಿ ಅಲ್ಲಲ್ಲಿ ಸಣ್ಣ ತೂತುಗಳಿವೆ. ಹೊರಗಿನ ಗಾಳಿಯ ಒತ್ತಡ ಏರಿಳಿದ ಹಾಗೆ ನೆಲ ಅದರೊಳಗಿಂದ ಗಾಳಿ ಎಳೆದುಕೊಳ್ಳುತ್ತದೆ, ಬಿಡುತ್ತದೆ. ಒಂದರ ಪಕ್ಕ ಕೂತು ಮುಖಕ್ಕೆ ತಂಪು ಗಾಳಿ ಬಡಿಸಿಕೊಂಡೆ.

ನಾವು ಇಳಿದಿದ್ದು ಯೂಕ್ಲಾ ಹತ್ತಿರದ ವೀಬಬ್ಬಿ ಗುಹೆಗೆ. ನೆಲ ಕುಸಿದು ಆದ ದೊಡ್ಡ ಗುಂಡಿ, ಅದರಿಂದ ಕಡಿದಾದ ಕಲ್ಲಿನ ಇಳಿಜಾರು, 20 ಮಹಡಿಗಿಂತ ಜಾಸ್ತಿ ಕೆಳಗೆ ಕೆರೆ. ಸಿಲಿಂಡರ್‌ಗಳನ್ನೆಲ್ಲ ಹಗ್ಗ ರಾಟೆ ಕಟ್ಟಿ ಒಂದೊಂದಾಗಿ ಇಳಿಸಿದೆವು. ಒಂದು ಡೈವಿಗೆ ಒಂದೂವರೆ ದಿನದ ಕೂಲಿ. ಛಾವಣಿಯ ಕಲ್ಲೂ ಎಲ್ಲ ಕಡೆ ಗಟ್ಟಿ ಅಲ್ಲ. 1988ರಲ್ಲಿ ಪನ್ನಿಕಿನ್ ಪ್ಲೇನ್ಸ್ ಗುಹೆಯಲ್ಲಿ ಬಿರುಮಳೆಗೆ ಬಾಯಿಯೇ ಕುಸಿದು ಒಂದು ತಂಡ ಒಳಗೆ ಸಿಕ್ಕಿಕೊಂಡಿತ್ತು, ಎಲ್ಲರೂ ಜೀವಸಹಿತ ಹೊರಗೆ ಬಂದರು. ಹಾಗಾಗಿ ಮೋಡ ಕಂಡರೆ ಇಳಿಯುವುದಿಲ್ಲ ಅಂತ ಮೊದಲೇ ಮಾತಾಗಿತ್ತು.

ನೀರಿಗೆ ಮುಖ ಇಟ್ಟ ಕೂಡಲೇ ನೀರು ಇದೆ ಅನ್ನುವುದೇ ಮರೆತುಹೋಯಿತು. ಅಷ್ಟು ತಿಳಿ. ಬಿಳಿ ಗೋಡೆ, ಬಿಳಿ ಬಂಡೆ, ದೀಪದ ಬೆಳಕು ಹೋದಷ್ಟೂ ನೀಲಿ. ಸುರಂಗ ಎಷ್ಟು ಅಗಲ ಅಂದರೆ ಎರಡು ಬಿಎಂಟಿಸಿ ಬಸ್ಸು ಅಕ್ಕಪಕ್ಕ ಹೋಗಬಹುದು. ನನ್ನ ಜೊತೆಗಾರ್ತಿ ಮುಂದೆ ದಾರ ಬಿಡುತ್ತಿದ್ದರು, ನಾನು ಹಿಂದೆ. ಒಂದು ಕಡೆ ಗೋಡೆಯಿಂದ ತೆಳು ಪರದೆಗಳು ನೇತಾಡುತ್ತಿದ್ದವು, ಹಾಲಿನ ಕೆನೆ ಎತ್ತಿ ಹಿಡಿದ ಹಾಗೆ. ಅವು ಸೂಕ್ಷ್ಮಜೀವಿಗಳ ವಸಾಹತು. ಬಿಸಿಲನ್ನೇ ಕಾಣದ ಜೀವಗಳು. ನೀರಿನಲ್ಲಿರುವ ಅಮೋನಿಯಾದಂಥ ರಾಸಾಯನಿಕಗಳಿಂದ ಶಕ್ತಿ ತೆಗೆದುಕೊಂಡು ಬದುಕುತ್ತವೆ. ಕಾಲಿಗೆ ಹಾಕಿಕೊಳ್ಳುವ ಈಜುರೆಕ್ಕೆ, ಅಂದರೆ ಫಿನ್, ಬೀಸಿದ ಅಲೆಗೇ ಹರಿದುಹೋಗುವಷ್ಟು ಮೆತ್ತಗೆ. ನಾನು ಕೈ ಎರಡೂ ಎದೆಗೆ ಕಟ್ಟಿಕೊಂಡು ದೂರದಿಂದ ನೋಡಿದೆ. ಅಡುಗೆಮನೆ ಕಟ್ಟೆಯ ಕಲೆಯಿಂದ ಶುರುವಾದ ಮಾತು ಇಲ್ಲಿಗೆ ಬಂದು ಮುಟ್ಟಿತಲ್ಲ ಅನ್ನಿಸಿ ಮಾಸ್ಕ್ ಒಳಗೆ ಕಣ್ಣು ತುಂಬಿತು.

22ನೇ ನಿಮಿಷಕ್ಕೆ ಜೊತೆಗಾರ್ತಿ ಹೆಬ್ಬೆರಳು ಮೇಲೆತ್ತಿ ತೋರಿಸಿದರು. ಸಾಕು, ವಾಪಸ್. ಇಬ್ಬರ ಹತ್ತಿರವೂ ಇನ್ನೂ ಗಾಳಿ ಇತ್ತು. ಮುಂದೆ ಸುರಂಗ ಹಾಗೇ ನೀಲಿಯಾಗಿ ಇತ್ತು. ಗುಹೆಯಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ವಾಪಸ್ ಅನ್ನಬಹುದು, ಕಾರಣ ಕೇಳುವ ಹಾಗಿಲ್ಲ. ನಾನೂ ಹೆಬ್ಬೆರಳು ಎತ್ತಿದೆ, ತಿರುಗಿದೆ. ಕಾರಣವನ್ನು ಇವತ್ತಿನವರೆಗೂ ಕೇಳಿಲ್ಲ.

ವಾಪಸ್ ಬರುವಾಗ, ಹೋಗುವಾಗ ನಾವು ಬಿಟ್ಟ ಗುಳ್ಳೆಗಳು ಛಾವಣಿಗೆ ಬಡಿದು ಸುಣ್ಣದ ಚೂರು ಉದುರಿದ್ದವು. ಒಂದು ಕಡೆ ನೀರು ಮಜ್ಜಿಗೆಯ ಹಾಗಿತ್ತು. ಕೈ ಚಾಚಿದರೆ ಬೆರಳು ಕಾಣಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ದಾರ ಸೇರಿಸಿಕೊಂಡು ಹೊರಟೆ. ಜೊತೆಗಾರ್ತಿ ಹಿಂದಿನಿಂದ ನನ್ನ ತೋಳು ಹಿಡಿದಿದ್ದರು. ಒಂದು ಗಂಟು ಸಿಕ್ಕಿತು, ಬಾಣದ ಮೊನೆ ಸವರಿದೆ, ಮುಂದಕ್ಕೆ ಇತ್ತು. ಇನ್ನೊಂದು ಗಂಟು. ಸೋಲಾರ್‌ನ ಕಾಲು, ಕುಂಡ, ಟ್ಯಾಂಕಿನ ಪೈಪು ಅಂತ ಮನಸ್ಸು ಲೆಕ್ಕ ಹಾಕುತ್ತಿತ್ತು. ನಾಲ್ಕು ನಿಮಿಷ ಆಗಿರಬಹುದು. ಆಮೇಲೆ ತಿಳಿಯಾಯಿತು, ಮೇಲೆ ಕೆರೆಯ ದಡದಲ್ಲಿ ಇಟ್ಟಿದ್ದ ದೀಪ ಕಂಡಿತು.

ಮಾರನೇ ದಿನ ಬೆಳಗ್ಗೆ ಯೂಕ್ಲಾದಿಂದ ಮನೆಗೆ ಫೋನ್ ಮಾಡಿದೆ. ಆ ಊರಿನ ಗಡಿಯಾರ ನಮಗಿಂತ ಮೂರೂಕಾಲು ಗಂಟೆ ಮುಂದೆ. ಅಲ್ಲಿ ಒಂಬತ್ತೂವರೆ, ಇಲ್ಲಿ ಆರೂಕಾಲು. ಅಮ್ಮ ತಾರಸಿಯ ಮೇಲಿದ್ದರು.

"ದಾರ ಬಿಟ್ಟಿಲ್ಲ ತಾನೆ?" ಅಂದರು.

"ಇಲ್ಲಮ್ಮ."

"ಸರಿ. ಇಲ್ಲಿ ಪೈಪಿಗೆ ಇನ್ನೂ ಒಂದು ಗಂಟು ಉಳಿಸಿ ಹೋಗಿದ್ದೀಯ. ಬಿಚ್ಚಕ್ಕೆ ಬರ್ತಿಲ್ಲ. ನೀನೇ ಬಂದು ಬಿಚ್ಚು."