ಕಾದಂಬರಿ ಓದಿ ಅನಿಸಿಕೆ ಬರೆಯುವುದು ಹೇಗೆ?

ಕಾದಂಬರಿ ಮುಗಿಸಿದ ರಾತ್ರಿಯೇ ಅನಿಸಿಕೆ ಬರೆಯಲು ಕೂರಬೇಡಿ. ಆಗ ಕೊನೆಯ ಮೂವತ್ತು ಪುಟಗಳ ಬಿಸಿ ಮಾತ್ರ ತಲೆಯಲ್ಲಿರುತ್ತದೆ. ಎರಡು ಮೂರು ದಿನ ಬಿಡಿ. ಹದಿನೈದು ದಿನ ಬಿಟ್ಟರೆ ಪಾತ್ರಗಳ ಹೆಸರೂ ತಪ್ಪಿಹೋಗುತ್ತದೆ.

ನಿಜವಾದ ಕೆಲಸ ಓದುವಾಗಲೇ ಶುರು. ಗ್ರಂಥಾಲಯದ ಪುಸ್ತಕದಲ್ಲಿ ಗೆರೆ ಎಳೆಯುವಂತಿಲ್ಲ, ಅಂಗೈಯಗಲದ ಕಾಗದವೊಂದನ್ನು ಒಳಗಿಟ್ಟುಕೊಳ್ಳಿ. ಓದು ತಡೆದು ನಿಂತ ಕಡೆ ಪುಟಸಂಖ್ಯೆ ಬರೆದು, ಪಕ್ಕದಲ್ಲಿ ‘ಅಮ್ಮ ಉತ್ತರ ಕೊಡಲಿಲ್ಲ’ ಎಂಬಂತೆ ಎರಡು ಮೂರು ಪದ ಹಾಕಿ. ಬರೀ ‘ಸುಂದರ’ ಎಂದು ಬರೆದಿಟ್ಟರೆ ಯಾವುದು ಸುಂದರವಾಗಿತ್ತೆಂದು ವಾರ ಕಳೆದ ಮೇಲೆ ನಿಮಗೇ ತಿಳಿಯದು. ಬೇಸರ ಬಂದ ಪುಟವನ್ನೂ ಗುರುತಿಸಿ. ಅದನ್ನು ಬಿಟ್ಟವರ ಬರಹವೇ ಅಭಿನಂದನಾ ಪತ್ರವಾಗುವುದು. ಹತ್ತು ಹನ್ನೆರಡು ಗುರುತುಗಳಲ್ಲಿ ಮೂರು ಬಳಕೆಗೆ ಬಂದರೆ ಹೆಚ್ಚು.

400 ಪದಗಳ ಬರಹದಲ್ಲಿ ಕಥೆಗೆ 80 ಪದ ಸಾಕು. ಎಲ್ಲಿ ನಿಲ್ಲಿಸಬೇಕೆಂಬುದು ಪುಸ್ತಕದ ಮೇಲೆ ನಿಂತಿದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಾದರೆ, ತಲಾಖ್ ಆದ ನಾದಿರಾ ಮೊದಲ ಗಂಡನ ಬಳಿ ಮರಳಲು ನಡುವೆ ಇನ್ನೊಬ್ಬನನ್ನು ಮದುವೆಯಾಗಬೇಕೆಂಬ ಕಟ್ಟಳೆಯವರೆಗೆ ಹೇಳಬಹುದು. ಮುಂದಿನದು ಓದುವವರ ಪಾಲು. ನಿರಂಜನರ ‘ಚಿರಸ್ಮರಣೆ’ಗೆ (1955) ಈ ಕಟ್ಟುಪಾಡಿಲ್ಲ. ಅದರ ವಸ್ತುವಾದ ಕಯ್ಯೂರು ರೈತ ಹೋರಾಟದ ನಾಲ್ವರನ್ನು 1943ರಲ್ಲಿ ಗಲ್ಲಿಗೇರಿಸಿದ್ದು ಊರಿಗೆಲ್ಲ ಗೊತ್ತಿರುವ ಸಂಗತಿ. ಅಲ್ಲಿ ಗುಟ್ಟು ಕಾಯುವುದಕ್ಕಿಂತ, ಅಪ್ಪು ಮತ್ತು ಚಿರುಕಂಡ ಎಂಬ ಹುಡುಗರನ್ನು ಗೊತ್ತಿರುವ ಆ ಕೊನೆಯ ಕಡೆಗೆ ಲೇಖಕರು ಹೇಗೆ ನಡೆಸಿದರು, ಎಲ್ಲಿ ನಿಧಾನಿಸಿದರು ಎಂಬುದನ್ನು ಬರೆಯಿರಿ.

ಈ ಎರಡೂ ಕಥೆಗಳು ನಡೆಯುವ ಕಾಸರಗೋಡಿನ ಓದುಗರಿಗೆ ಊರು ಗೊತ್ತಿರುವುದೇ ಲಾಭ, ಅದೇ ಅಪಾಯ. ನಮ್ಮ ಹೊಳೆ ಬಂತು ಎಂಬ ಖುಷಿಯಲ್ಲಿ ಅರ್ಧ ಬರಹ ಹೊಳೆಯ ವರ್ಣನೆಯಾಗಿಬಿಡುತ್ತದೆ. ಆ ಹೊಳೆ ಕಥೆಯಲ್ಲಿ ಯಾರನ್ನು ತಡೆಯಿತು, ಯಾರನ್ನು ದಾಟಿಸಿತು ಎಂದು ಕೇಳಿಕೊಳ್ಳಿ. ಉತ್ತರವಿಲ್ಲದಿದ್ದರೆ ಆ ಭಾಗ ಹೊಡೆದುಹಾಕಿ. ತರವಾಡು (ಕುಟುಂಬದ ಮೂಲಮನೆ), ಕಾವು (ದೈವದ ಬನ), ತೆಯ್ಯಂ (ದೈವದ ವೇಷ ಕಟ್ಟಿ ಕುಣಿಯುವ ಆರಾಧನೆ) ಧಾರವಾಡದವರಿಗೆ ಗೊತ್ತಿರಲಿಕ್ಕಿಲ್ಲ. ಅಡಿಟಿಪ್ಪಣಿ ಬೇಡ, ವಾಕ್ಯದೊಳಗೇ ನಾಲ್ಕು ಪದದಲ್ಲಿ ತಿಳಿಸಿ.

ಮಲಯಾಳದಿಂದ ಬಂದ ಕಾದಂಬರಿಯಾದರೆ ‘ಅನುವಾದ ಸರಳವಾಗಿದೆ’ ಎಂದು ತೇಲಿಸಬೇಡಿ. ಮಾತುಕತೆಯ ಒಂದು ಪುಟ, ವರ್ಣನೆಯ ಒಂದು ಪುಟ ಆರಿಸಿ ಮೂಲದ ಜೊತೆ ಹಿಡಿದು ನೋಡಿ. ಮಲಯಾಳ ಮಾತಾಡಲು ಬಂದು ಓದಲು ಬಾರದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಬಲ್ಲವರಿಂದ ಗಟ್ಟಿಯಾಗಿ ಓದಿಸಿ ಕೇಳಿದರಾಯಿತು. ಎರಡೂ ಭಾಷೆಯಲ್ಲಿರುವ ಸಂಸ್ಕೃತ ಪದಗಳಲ್ಲೇ ಅನುವಾದಕರು ಎಡವುವುದು: ಮಲಯಾಳದಲ್ಲಿ ‘ವ್ಯವಸಾಯ’ ಎಂದರೆ ಉದ್ಯಮ, ‘ಅವಕಾಶ’ ಎಂದರೆ ಹಕ್ಕು. ಜಾಗದ ಜಗಳದ ನಡುವೆ ಯಾರಾದರೂ ‘ನನ್ನ ಅವಕಾಶ ಕೊಡಿ’ ಎಂದರೆ ಅನುಮಾನಪಡಿ. ಒಂದೆರಡು ಕಡೆಯಾದರೆ ದೊಡ್ಡದು ಮಾಡಬೇಕಿಲ್ಲ. ಮತ್ತೆ ಮತ್ತೆ ಸಿಕ್ಕರೆ ಪುಟಸಂಖ್ಯೆ ಸಮೇತ ಹೇಳಿ.

ಮೂರು ಕಾದಂಬರಿಗಳ ಬಗ್ಗೆ ಒಟ್ಟಿಗೆ ಬರೆಯುವುದಾದರೆ ಸಮಪಾಲು ಬೇಡ. ಹೆಚ್ಚು ಕಾಡಿದ್ದಕ್ಕೆ ಅರ್ಧ ಜಾಗ ಕೊಡಿ, ಉಳಿದವು ಹಂಚಿಕೊಳ್ಳಲಿ. ಉದ್ಧರಣೆ ಮೂರು ಸಾಲು ಮೀರದಿರಲಿ. ‘ಇತ್ತೀಚೆಗೆ ನಾನು ಓದಿದ’ ಎಂದು ಶುರುವಾಗುವ ಮೊದಲ ವಾಕ್ಯವನ್ನು ಅಳಿಸಿ ನೋಡಿ, ಬರಹ ಸಾಮಾನ್ಯವಾಗಿ ಎರಡನೆಯ ವಾಕ್ಯದಿಂದಲೇ ಆರಂಭವಾಗಿರುತ್ತದೆ.

ಮೇಲ್ಗಡೆ ಪುಸ್ತಕ, ಲೇಖಕ, ಅನುವಾದಕ, ಪ್ರಕಾಶಕ, ಪುಟ, ಬೆಲೆ ಹಾಕುವಾಗ ಯಾವ ವರ್ಷದ ಮುದ್ರಣ ಎಂಬುದನ್ನು ಮರೆಯಬೇಡಿ. ‘ಚಿರಸ್ಮರಣೆ’ಯಂತೆ ಹಲವು ಸಲ ಅಚ್ಚಾದ ಪುಸ್ತಕದಲ್ಲಿ ನೀವು ಹೇಳಿದ ಪುಟ ಇನ್ನೊಬ್ಬರ ಪ್ರತಿಯಲ್ಲಿ ಬೇರೆಲ್ಲೋ ಇರುತ್ತದೆ.