ಹಳೆ ಕಾರನ್ನು ಟ್ರ್ಯಾಕಿಗೆ ಇಳಿಸುವ ಮೊದಲು

ಕೋಲಾರದಿಂದ ಹೊರಟು ಮುಳಬಾಗಿಲು, ನಂಗಲಿ, ಚಿತ್ತೂರು, ರಾಣಿಪೇಟೆ ದಾಟಿ ಹೋದರೆ ಶ್ರೀಪೆರುಂಬದೂರಿನ ಹತ್ತಿರ ಇರುಂಗಾಟ್ಟುಕೋಟೈ ಸಿಗುತ್ತದೆ. ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇರುವುದು ಅಲ್ಲೇ. 1990ರಿಂದ ಇರುವ ರೇಸ್ ಟ್ರ್ಯಾಕ್. ಒಂದು ಸುತ್ತಿಗೆ 3.7 ಕಿ.ಮೀ., 12 ತಿರುವು. ನಮ್ಮೂರಿಂದ ಇನ್ನೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ನಸುಕಿಗೆ ಹೊರಟರೆ ಬಿಸಿಲೇರುವ ಹೊತ್ತಿಗೆ ಅಲ್ಲಿರಬಹುದು.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಹಣ ಕಟ್ಟುತ್ತೀರಿ, ನಿಮ್ಮ ಕಾರನ್ನೇ ತಂದು, ಹದಿನೈದು ಇಪ್ಪತ್ತು ನಿಮಿಷಗಳ ಸರದಿಯಲ್ಲಿ ಓಡಿಸುತ್ತೀರಿ. ಬಹುಮಾನ ಇಲ್ಲ, ಮೊದಲು ಬಂದವರು ಯಾರು ಎಂಬ ಲೆಕ್ಕವೂ ಇಲ್ಲ. ಎದುರಿಂದ ಯಾರೂ ಬರುವುದಿಲ್ಲ. ಅಡ್ಡ ದನ ಬರುವುದಿಲ್ಲ. ಟೊಮೆಟೊ ತುಂಬಿದ ಟೆಂಪೊ ಎಡಗಡೆಯಿಂದ ನುಗ್ಗುವುದಿಲ್ಲ. ವೇಗದ ಆಸೆ ಇದ್ದವರು ಅದನ್ನು ತೀರಿಸಿಕೊಳ್ಳಬೇಕಾದ ಜಾಗ ಅದೇ. ನಮ್ಮ ಹೆದ್ದಾರಿಯಲ್ಲಿ ದಯವಿಟ್ಟು ಬೇಡ.

ಮನೆಯಲ್ಲಿ ಹದಿನೈದು ವರ್ಷ ದಾಟಿದ ಕಾರು ಸುಮ್ನೆ ನಿಂತಿದ್ದರೆ ಅದನ್ನು ಇದಕ್ಕೆ ಸಿದ್ಧ ಮಾಡಬಹುದು. ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಕಾರು ನಮ್ಮನ್ನು ಅಲ್ಲಿಗೆ ಕರೆದೊಯ್ಯಬೇಕು, ದಿನವಿಡೀ ಓಡಬೇಕು, ಅದೇ ರಾತ್ರಿ ಮನೆಗೆ ವಾಪಸ್ ತರಬೇಕು. ಟ್ರಕ್ ಮೇಲೆ ಹೇರಿಕೊಂಡು ಹೋಗುವಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ, ಅಲ್ವಾ? ಏನು ಬಿಚ್ಚಬೇಕು, ಏನು ಬದಲಿಸಬೇಕು, ಏನನ್ನು ಮುಟ್ಟಬಾರದು ಎಂಬುದೆಲ್ಲ ಈ ಅಳತೆಯಿಂದಲೇ ತೀರ್ಮಾನವಾಗುತ್ತದೆ.

ಯಾವ ಕಾರು

ಹಗುರವಾಗಿರಬೇಕು, ಪೆಟ್ರೋಲ್ ಆಗಿರಬೇಕು, ಬಿಡಿಭಾಗ ಸಿಗಬೇಕು. ನನ್ನದು ಮಾರುತಿ ಎಸ್ಟೀಮ್. 1.3 ಲೀಟರ್ ಎಂಜಿನ್, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಮಾದರಿಯಲ್ಲಿ 85 ಬಿಎಚ್‌ಪಿ ಶಕ್ತಿ. ಕಾರಿನ ತೂಕ 900 ಕೆ.ಜಿ. ಒಳಗೇ. ನಾಲ್ಕೂ ಚಕ್ರಕ್ಕೆ ಬಿಡಿ ಬಿಡಿ ಸಸ್ಪೆನ್ಷನ್ ಇದೆ. ಮೊದಲ ಪೀಳಿಗೆಯ ಸ್ವಿಫ್ಟ್ ಪೆಟ್ರೋಲ್ ಕೂಡ ಒಳ್ಳೆಯ ಆಯ್ಕೆ. ಹಳೆ ಹೋಂಡಾ ಸಿಟಿ, ಫೋರ್ಡ್ ಐಕಾನ್ 1.6 ಓಡಿಸಲು ಇನ್ನೂ ಖುಷಿ. ಆದರೆ ಐಕಾನ್‌ಗೆ ಬಿಡಿಭಾಗ ಹುಡುಕುವುದೇ ಒಂದು ಕೆಲಸವಾಗುತ್ತದೆ.

ಕೊಳ್ಳುವುದಾದರೆ ಬಣ್ಣ ನೋಡಬೇಡಿ, ತುಕ್ಕು ನೋಡಿ. ಬಾನೆಟ್ ಎತ್ತಿ, ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಬಾಡಿಗೆ ಕೂಡುವ ಜಾಗವನ್ನು ಬೆರಳಿನಿಂದ ಒತ್ತಿ. ಮ್ಯಾಟ್ ಎತ್ತಿ ನೆಲ ತಟ್ಟಿ. ಬಾಗಿಲ ಕೆಳಗಿನ ಪಟ್ಟಿ ನೋಡಿ. ಅಲ್ಲಿ ತುಕ್ಕು ತಿಂದಿದ್ದರೆ ಆ ಕಾರು ಬೇಡ. ಈ ವಿಷಯದಲ್ಲಿ ನಾವು ಅದೃಷ್ಟವಂತರು. ಒಣ ಹವೆಯಲ್ಲಿ ಬೆಳೆದ ಕೆಎ 07, ಕೆಎ 40 ಕಾರುಗಳಿಗೆ ಕರಾವಳಿ ಕಾರುಗಳಷ್ಟು ತುಕ್ಕು ಹಿಡಿದಿರುವುದಿಲ್ಲ.

ಕಾಗದಪತ್ರ

ನೋಂದಣಿಯಾಗಿ 15 ವರ್ಷ ಆದ ಕಾರಿಗೆ ಎಫ್‌ಸಿ ಮಾಡಿಸಿ, ಆರ್‌ಸಿ ನವೀಕರಿಸಬೇಕು. ಅದು 5 ವರ್ಷ ನಡೆಯುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಹಾಗಾಗಿ ರಸ್ತೆಯಲ್ಲೇ ಓಡಿಸಿಕೊಂಡು ಹೋಗುವ ಕಾರಿನ ಬಾಡಿ ಕತ್ತರಿಸುವುದು, ಎಂಜಿನ್ ಬದಲಿಸುವುದು ಎಲ್ಲ ತಲೆಯಿಂದ ತೆಗೆದುಹಾಕಿ.

ಇನ್ನೊಂದು ಮಾತು. ನಿಮ್ಮ ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ. ರೇಸಿಂಗ್, ವೇಗ ಪರೀಕ್ಷೆ ಇವಕ್ಕೆಲ್ಲ ವಿಮೆ ಅನ್ವಯಿಸುವುದಿಲ್ಲ ಎಂದು ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಕಾರು ಗೋಡೆಗೆ ತಾಗಿದರೆ ಆ ನಷ್ಟ ನಿಮ್ಮದೇ. ಕಳೆದುಕೊಂಡರೆ ತಡೆದುಕೊಳ್ಳಲು ಆಗದಂಥ ಕಾರನ್ನು ಒಯ್ಯಬೇಡಿ.

ಮೊದಲು ನೀರು

ನನ್ನ ಮೊದಲ ಟ್ರ್ಯಾಕ್ ಡೇ ಎರಡನೇ ಸರದಿಗೇ ಮುಗಿದಿತ್ತು. ನಾಲ್ಕನೇ ಸುತ್ತಿನಲ್ಲಿ ಟೆಂಪರೇಚರ್ ಮುಳ್ಳು ಏರತೊಡಗಿತು. ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ, ಬಂದು ಬಾನೆಟ್ ಎತ್ತಿದರೆ ಆವಿ. ರಸ್ತೆಯಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ. ರಾತ್ರಿ ತಂಪಿನಲ್ಲಿ ನಿಧಾನವಾಗಿ ಮನೆ ಸೇರಿದೆ. ಮರುದಿನ ಮೆಕ್ಯಾನಿಕ್ ರೇಡಿಯೇಟರ್ ಬಿಚ್ಚಿ ಒಳಗೆ ಟಾರ್ಚ್ ಹಾಕಿ ನೋಡಿದರು. "ಏನಣ್ಣಾ, ಇಷ್ಟು ವರ್ಷ ಇದಕ್ಕೆ ಬೋರ್ ನೀರೇ ಕುಡಿಸಿದ್ದೀರಾ?" ಎಂದರು. ಒಳಗೆಲ್ಲ ಬಿಳಿ ಉಪ್ಪು ಕಟ್ಟಿತ್ತು. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಎಷ್ಟು ಗಡಸು ಎಂಬುದು ಸ್ಟೀಲ್ ಪಾತ್ರೆ ತೊಳೆಯುವ ಪ್ರತಿಯೊಬ್ಬರಿಗೂ ಗೊತ್ತು. ಅದೇ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಹೆಂಚಿನ ಹಾಗೆ ಗಟ್ಟಿಯಾಗಿತ್ತು.

ಇದು ರಸ್ತೆಯಲ್ಲಿ ಯಾಕೆ ಗೊತ್ತಾಗಲಿಲ್ಲ? 80ರಲ್ಲಿ ಹೋಗುವಾಗ ಎಂಜಿನ್ ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ಟ್ರ್ಯಾಕಿನಲ್ಲಿ ಹದಿನೈದು ನಿಮಿಷದ ಹೆಚ್ಚಿನ ಹೊತ್ತು ಆಕ್ಸಲರೇಟರ್ ಮೇಲೆ ಕಾಲು ಪೂರ್ತಿ ಒತ್ತಿಯೇ ಇರುತ್ತದೆ. ಅರ್ಧ ಕಟ್ಟಿಕೊಂಡ ರೇಡಿಯೇಟರ್ ರಸ್ತೆಗೆ ಸಾಕಾಗುತ್ತದೆ, ಅಲ್ಲಿಗೆ ಸಾಕಾಗುವುದಿಲ್ಲ.

ಹಾಗಾಗಿ ಹಳೆ ಕಾರಿನ ರೇಡಿಯೇಟರನ್ನು ತೊಳೆಸಬೇಡಿ, ಹೊಸದನ್ನೇ ಹಾಕಿಸಿ. ಜೊತೆಗೆ ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್, ಮೇಲಿನ ಕೆಳಗಿನ ಹೋಸ್ ಪೈಪುಗಳು. ವಾಟರ್ ಪಂಪ್ ಮತ್ತು ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿವೆ ಎಂದು ನೆನಪಿಲ್ಲದಿದ್ದರೆ ಅವನ್ನೂ ಈಗಲೇ ಮುಗಿಸಿ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಸಮ ಬೆರೆಸಿ ತುಂಬಿ. ಬೋರ್ ನೀರು ಇನ್ನು ಒಂದು ಲೋಟವೂ ಬೇಡ.

ಟ್ರ್ಯಾಕಿನಲ್ಲಿ ಮುಳ್ಳು ಏರಿದರೆ ಒಳಗಿನ ಹೀಟರನ್ನು ಪೂರ್ತಿ ತೆರೆಯಿರಿ. ಸೆಖೆಯಾಗುತ್ತದೆ ನಿಜ, ಆದರೆ ಅದು ಇನ್ನೊಂದು ಪುಟ್ಟ ರೇಡಿಯೇಟರಿನ ಹಾಗೆ ಎಂಜಿನ್ ಬಿಸಿಯನ್ನು ಹೊರಗೆಳೆಯುತ್ತದೆ. ನಿಧಾನವಾಗಿ ಪಿಟ್‌ಗೆ ಬನ್ನಿ. ಬಿಸಿ ಇರುವಾಗ ಕ್ಯಾಪ್ ಮಾತ್ರ ತೆರೆಯಬೇಡಿ.

ಬ್ರೇಕ್: ದುಡ್ಡು ಇಲ್ಲಿ ಹಾಕಿ

ಎಲ್ಲರೂ ಮೊದಲು ಕೇಳುವುದು ಏರ್ ಫಿಲ್ಟರ್, ಸೈಲೆನ್ಸರ್. ಅದಕ್ಕೆ ಇಟ್ಟ ಹಣವನ್ನು ಬ್ರೇಕ್ ಕಡೆ ತಿರುಗಿಸಿ ಎಂದು ನಾನು ಕೈ ಮುಗಿದು ಹೇಳುತ್ತೇನೆ. ಲೆಕ್ಕ ನೋಡಿ. ವೇಗ ಎರಡರಷ್ಟಾದರೆ ಕಾರಿನ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. 60ರಿಂದ ನಿಲ್ಲುವಾಗ ಬ್ರೇಕಿಗೆ ಎಷ್ಟು ಬಿಸಿ ಬರುತ್ತದೋ, 120ರಿಂದ 60ಕ್ಕೆ ಇಳಿಸುವಾಗ ಅದರ ಮೂರರಷ್ಟು ಬರುತ್ತದೆ. ಒಂದೊಂದು ಸುತ್ತಿನಲ್ಲೂ ಹಾಗೆ ಹಲವು ಸಲ ಬ್ರೇಕ್ ಒತ್ತುತ್ತೀರಿ.

ಬ್ರೇಕ್ ಎರಡು ರೀತಿ ಕೈ ಕೊಡುತ್ತದೆ. ಎರಡನ್ನೂ ಕಾಲಿನಿಂದಲೇ ಗುರುತಿಸಬಹುದು. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಎದ್ದಿದೆ. ಪೆಡಲ್ ಗಟ್ಟಿಯಾಗೇ ಇದ್ದು ಕಾರು ನಿಲ್ಲುತ್ತಿಲ್ಲ ಎಂದರೆ ಪ್ಯಾಡ್ ಮಿತಿ ಮೀರಿ ಕಾದಿದೆ.

ಮೊದಲನೆಯದಕ್ಕೆ ಹೊಸ ಆಯಿಲ್ ಹಾಕಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತಾ ಹೋಗುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸತಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಅದೇ ಆಯಿಲ್‌ನ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಹಳೆಯದನ್ನು ಪೂರ್ತಿ ಹೊರಹಾಕಿ ಡಾಟ್ 4 ಅಥವಾ 5.1 ತುಂಬಿಸಿ. ಬರೀ ಡಾಟ್ 5 ಎಂದು ಬರೆದ ಡಬ್ಬ ತರಬೇಡಿ. ಅದು ಸಿಲಿಕೋನ್, ಈ ಕಾರುಗಳಿಗೆ ಅಲ್ಲ. ಸೀಲ್ ಒಡೆದು ಗ್ಯಾರೇಜಿನ ಮೂಲೆಯಲ್ಲಿ ಕೂತ ಡಬ್ಬವೂ ಬೇಡ, ಅದು ಆಗಲೇ ತೇವ ಕುಡಿದಿರುತ್ತದೆ.

ಎರಡನೆಯದಕ್ಕೆ ಹೆಚ್ಚು ಬಿಸಿ ತಡೆಯುವ ಪ್ಯಾಡ್ ಬೇಕು. ಆದರೆ ಪೂರಾ ರೇಸ್ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ನಾವು ಅದೇ ಕಾರಿನಲ್ಲಿ ರಾತ್ರಿ ವಾಪಸ್ ಬರಬೇಕು. ಆದ್ದರಿಂದ ರಸ್ತೆಗೂ ಟ್ರ್ಯಾಕಿಗೂ ಆಗುವ ನಡುವಿನ ದರ್ಜೆಯದನ್ನು ತರಿಸಿ. ಇಪ್ಪತ್ತು ವರ್ಷದ ರಬ್ಬರ್ ಬ್ರೇಕ್ ಪೈಪುಗಳನ್ನು ಕಿತ್ತೆಸೆಯಿರಿ. ಹಿಂದಿನ ಡ್ರಮ್ ಬಿಚ್ಚಿ, ವೀಲ್ ಸಿಲಿಂಡರ್ ಒಸರುತ್ತಿದೆಯೇ ನೋಡಿ. ಡಿಸ್ಕ್ ಮೇಲೆ ಕಂಪನಿ ಅಚ್ಚು ಹಾಕಿದ ಕನಿಷ್ಠ ದಪ್ಪಕ್ಕಿಂತ ಸವೆದಿದ್ದರೆ ಹೊಸದು ಹಾಕಿ, ಲೇತ್‌ಗೆ ಕೊಡಬೇಡಿ.

ಚಕ್ರ, ಬುಷ್, ಸ್ಪ್ರಿಂಗ್

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2322 ಎಂದಿದ್ದರೆ 2022ರ 23ನೇ ವಾರ ತಯಾರಾದದ್ದು. ಐದಾರು ವರ್ಷ ಆದ ಟೈರಿಗೆ ಗೀರು ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಹಿಡಿತ ಇರುವುದಿಲ್ಲ. 13 ಇಂಚಿಗೆ ದುಬಾರಿ ಟೈರ್ ಹುಡುಕುತ್ತಾ ಅಲೆಯಬೇಡಿ. ಒಂದೇ ಕಂಪನಿಯ ನಾಲ್ಕು ಹೊಸ ಟೈರ್ ಸಾಕು.

ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ವೀಲ್ ಬೇರಿಂಗ್, ಎಂಜಿನ್ ಮೌಂಟಿಂಗ್ ಎಲ್ಲ ನೋಡಿಸಿ. ಶಾಕ್ ಅಬ್ಸಾರ್ಬರ್ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಸ್ಪ್ರಿಂಗ್ ಕಟ್ ಮಾಡಿಸಿ ಕಾರು ತಗ್ಗಿಸುವುದು ನಮ್ಮಲ್ಲಿ ಫ್ಯಾಷನ್ ಆಗಿದೆ. ಅದನ್ನು ಮಾಡಲೇಬೇಡಿ. ಸ್ಪ್ರಿಂಗ್ ತನ್ನ ಕೂಡುವ ಜಾಗದಿಂದ ಕಳಚಬಹುದು. ತಿರುವಿನ ನಡುವೆ ಸಸ್ಪೆನ್ಷನ್ ಕೊನೆ ಮುಟ್ಟಿ ಗಟ್ಟಿಯಾದರೆ ಚಕ್ರದ ಹಿಡಿತ ಒಮ್ಮೆಲೇ ತಪ್ಪುತ್ತದೆ.

ವೀಲ್ ಅಲೈನ್‌ಮೆಂಟ್ ಮಾಡುವವರಿಗೆ ಮುಂದಿನ ಚಕ್ರಗಳಿಗೆ ಸ್ವಲ್ಪ ನೆಗೆಟಿವ್ ಕ್ಯಾಂಬರ್ ಕೇಳಿ. ಅಂದರೆ ಚಕ್ರದ ಮೇಲ್ತುದಿ ಒಳಕ್ಕೆ ವಾಲಿರಬೇಕು. ಹಾಗಿದ್ದರೆ ತಿರುವಿನಲ್ಲಿ ಕಾರು ಹೊರಕ್ಕೆ ಬಾಗಿದಾಗ ಟೈರ್ ಪೂರ್ತಿ ಅಗಲ ನೆಲಕ್ಕೆ ಕೂರುತ್ತದೆ. ಮನೆಗೂ ಅದೇ ಕಾರು ಎಂದಾದರೆ ಒಂದೂವರೆ ಡಿಗ್ರಿ ಸಾಕು. ಜಾಸ್ತಿ ಕೊಟ್ಟರೆ ಹೆದ್ದಾರಿಯಲ್ಲಿ ಒಳ ಅಂಚು ಸವೆಯುತ್ತದೆ.

ಸೀಟು, ಬೆಲ್ಟ್, ಕೇಜ್

ತಲೆಗೆ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಬೇಕು. ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಗುರುತಿನಲ್ಲಿ ಎಂ ಅಂದರೆ ಬೈಕಿಗೆ, ಎಸ್‌ಎ ಅಂದರೆ ಕಾರಿಗೆ. ಎಸ್‌ಎ ಹೆಲ್ಮೆಟ್‌ನ ಒಳಪದರ ಬೆಂಕಿ ತಡೆಯುತ್ತದೆ. ಯಾವುದಕ್ಕೆ ಒಪ್ಪುತ್ತಾರೆ ಎಂದು ಆಯೋಜಕರನ್ನು ಮೊದಲೇ ಕೇಳಿ.

ಕಂಪನಿಯ ಮೂರು ಬಿಂದುವಿನ ಬೆಲ್ಟನ್ನೇ ಇಟ್ಟುಕೊಳ್ಳಿ. ನಾಲ್ಕು ಪಟ್ಟಿಯ ರೇಸ್ ಬೆಲ್ಟ್ (ಹಾರ್ನೆಸ್) ಚಿತ್ರದಲ್ಲಿ ಚೆಂದ. ಆದರೆ ಕಾರು ಪಲ್ಟಿಯಾಗಿ ಚಾವಣಿ ಕುಸಿದರೆ, ಅದು ಬೆನ್ನನ್ನು ನೆಟ್ಟಗೆ ಹಿಡಿದುಕೊಂಡಿರುತ್ತದೆ, ಬಗ್ಗಲು ಬಿಡುವುದಿಲ್ಲ. ಕೇಜ್, ಅಂದರೆ ಪಲ್ಟಿಯಾದಾಗ ಚಾವಣಿ ಕುಸಿಯದಂತೆ ಕಾರಿನೊಳಗೆ ಕಟ್ಟುವ ಉಕ್ಕಿನ ಕೊಳವೆಗಳ ಚೌಕಟ್ಟು, ಇಲ್ಲದ ಕಾರಿಗೆ ಅದು ಬೇಡ.

ಕೇಜ್ ಬಗ್ಗೆ ಕೇಳುವವರು ಬಹಳ. ಮೋಟಾರ್ ಕ್ರೀಡೆಯ ಜಾಗತಿಕ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪದ ಕೊಳವೆ ಬೇಕು. ಇಲ್ಲವೇ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪ. ಬೆಸುಗೆಯ ಗೆರೆ ಇಲ್ಲದ, ಕೋಲ್ಡ್ ಡ್ರಾ ಮಾಡಿದ ಸ್ಟೀಲ್. ಗೇಟು ಮಾಡುವ ಪೈಪು ಅಲ್ಲ. ಬಿಇಎಂಎಲ್ ಕಾರ್ಖಾನೆಯ ಊರಾದ ಕೆಜಿಎಫ್‌ನಲ್ಲಿ ಇಂಥ ಬೆಸುಗೆ ಬಲ್ಲ ಹಿರಿಯರು ಇದ್ದಾರೆ. ಕೈಯಲ್ಲಿ ಕೆಲಸ ಇರುವವರು ನಮ್ಮಲ್ಲೇ ಇದ್ದಾರೆ ಎಂಬುದು ನನಗೆ ಹೆಮ್ಮೆ. ಆದರೂ ರಸ್ತೆಗೆ ಇಳಿಯುವ ಕಾರಿಗೆ ನಾನು ಕೇಜ್ ಹಾಕಿಸುವುದಿಲ್ಲ. ಹೆಲ್ಮೆಟ್ ಇಲ್ಲದೆ ಕೂತಾಗ ಸಣ್ಣ ಡಿಕ್ಕಿಗೂ ತಲೆ ಆ ಕೊಳವೆಗೆ ಬಡಿಯುತ್ತದೆ. ಕಾರನ್ನು ಪೂರ್ತಿ ಟ್ರ್ಯಾಕಿಗೇ ಮೀಸಲಿಟ್ಟ ದಿನ ಆ ಯೋಚನೆ ಮಾಡಿ.

ತೂಕ ಇಳಿಸಲು ಯಾವುದನ್ನೂ ಕತ್ತರಿಸಬೇಕಿಲ್ಲ. ಅಲ್ಲಿಗೆ ಹೋದ ಮೇಲೆ ಸ್ಟೆಪ್ನಿ, ಜಾಕ್, ಮ್ಯಾಟ್, ಹಿಂದಿನ ಸೀಟು ತೆಗೆದು ಟಾರ್ಪಾಲಿನ ಮೇಲಿಡಿ. ಸಂಜೆ ಮತ್ತೆ ಕೂರಿಸಿ. ಬ್ಯಾಟರಿ ಕ್ಲಾಂಪ್ ಬಿಗಿ ಇರಲಿ. ಡ್ಯಾಶ್‌ಬೋರ್ಡ್ ಮೇಲಿನ ಗಣೇಶನನ್ನೂ ಆ ಹೊತ್ತಿಗೆ ಕೈಚೀಲದಲ್ಲಿ ಇಡಿ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಸಡಿಲ ಇರುವುದೆಲ್ಲ ಹಾರುತ್ತದೆ.

ಎಂಜಿನ್

ಏನೂ ಮಾಡಬೇಡಿ. ಹೊಸ ಆಯಿಲ್, ಹೊಸ ಫಿಲ್ಟರ್, ಹೊಸ ಪ್ಲಗ್ ಅಷ್ಟೇ. ಆಯಿಲ್ ಮಟ್ಟ ಕಡ್ಡಿಯ ಮೇಲಿನ ಗೆರೆಗೆ ಇರಲಿ. ಉದ್ದದ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದು, ಪಂಪ್ ಗಾಳಿ ಎಳೆಯಬಹುದು. ಆಯಿಲ್ ದೀಪ ಒಂದು ಕ್ಷಣ ಮಿನುಗಿದರೂ ಕಾಲು ತೆಗೆಯಿರಿ. 85 ಬಿಎಚ್‌ಪಿ ಕಡಿಮೆ ಅನ್ನಿಸುವ ಮೊದಲು ಕಲಿಯುವುದು ಬೇಕಾದಷ್ಟಿದೆ.

ಆ ದಿನ

ಮೊದಲ ಸುತ್ತು ನಿಧಾನ. ಹೊಸ ಪ್ಯಾಡ್ ಇದ್ದರೆ ಆ ಸರದಿಯಲ್ಲಿ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಜೋರು ಮಾಡುತ್ತಾ ಹೋಗಿ. ಕೊನೆಯ ಸುತ್ತೂ ನಿಧಾನ, ಬ್ರೇಕ್ ಆದಷ್ಟು ಮುಟ್ಟದೆ, ಗಾಳಿಗೆ ಎಲ್ಲ ತಣಿಯಲಿ. ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಬಾವುಟ ಬಾಯಿಪಾಠ ಇರಲಿ. ಹಳದಿ ಕಂಡರೆ ಮುಂದೆ ಅಪಾಯ, ಯಾರನ್ನೂ ದಾಟಬೇಡಿ. ಕೆಂಪು ಅಂದರೆ ಸರದಿ ನಿಂತಿದೆ. ನೀಲಿ ಅಂದರೆ ಹಿಂದೆ ವೇಗದ ಕಾರಿದೆ, ಬಿಟ್ಟುಕೊಡಿ. ಕಪ್ಪು ತೋರಿಸಿದರೆ ಪಿಟ್‌ಗೆ ಬರಬೇಕು. ಚೌಕುಳಿ ಅಂದರೆ ಮುಗಿಯಿತು.

ಪ್ರತಿ ಸರದಿ ಆದ ಮೇಲೆ ಟೈರ್ ಗಾಳಿ ನೋಡಿ. ಬಿಸಿಗೆ ಐದಾರು ಪಿಎಸ್‌ಐ ಏರಿರುತ್ತದೆ, ಸ್ವಲ್ಪ ಇಳಿಸಿ. ವೀಲ್ ನಟ್‌ಗಳನ್ನು ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ಸ್ಪ್ಯಾನರಿನಿಂದ ಮತ್ತೆ ಪರೀಕ್ಷಿಸಿ. ನೀವೂ ನೀರು ಕುಡಿಯಿರಿ. ಅಲ್ಲಿಯ ಸೆಖೆ ನಮ್ಮ ಕೋಲಾರದ ಬಿಸಿಲಿನ ಹಾಗಲ್ಲ, ಮೈಯೆಲ್ಲ ಅಂಟುತ್ತದೆ. ಸುಸ್ತಾದರೆ ಕೊನೆಯ ಸರದಿ ಬಿಟ್ಟುಬಿಡಿ, ಮುಂದೆ ಇನ್ನೂರು ಕಿಲೋಮೀಟರ್ ಓಡಿಸುವುದಿದೆ.

ಹೊರಡುವ ಮುನ್ನ ಇಳಿಸಿದ ಗಾಳಿಯನ್ನು ಮತ್ತೆ ತುಂಬಿ. ಪೆಡಲ್ ಗಟ್ಟಿ ಇದೆಯೇ ಒತ್ತಿ ನೋಡಿ. ಪೆಟ್ರೋಲ್ ಮುಳ್ಳು ನೋಡಿ, ಟ್ರ್ಯಾಕಿನಲ್ಲಿ ಮೈಲೇಜ್ ಅರ್ಧಕ್ಕೂ ನಿಲ್ಲುವುದಿಲ್ಲ. ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್, ಆಯಿಲ್, ಬ್ರೇಕ್ ಆಯಿಲ್ ಮಟ್ಟ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಚಕ್ರ ಬಿಚ್ಚಿ ಪ್ಯಾಡ್ ಅಳೆಯಿರಿ. 4 ಮಿ.ಮೀ.ಗಿಂತ ತೆಳುವಾಗಿದ್ದರೆ, ಮುಂದಿನ ಟ್ರ್ಯಾಕ್ ಡೇಗೆ ಹಣ ಕಟ್ಟುವ ಮೊದಲು ಹೊಸ ಪ್ಯಾಡ್ ತರಿಸಿ.